ವೈನಿಯವರ ಪಥ್ಯ

ಅಕ್ಕಲಕೋಟೆಯ ನಮ್ಮ ಅಡತಿ ಅಂಗಡಿಗೆ ತೊಗರಿ ತರುವ ರೈತರು ಮೊದಲು ದರ ಕೇಳುತ್ತಾರೆ, ಆಮೇಲೆ "ವೈನಿಯವರು ಹ್ಯಾಂಗದಾರ?" ಅಂತ ಕೇಳುತ್ತಾರೆ. ಹೋಗುವಾಗ ಒಂದು ಔಷಧ ಹೇಳಿಯೇ ಹೋಗುತ್ತಾರೆ. "ಇಂಗ್ಲಿಷ್ ಗುಳಗಿ ಬಿಡಸ್ರಿ ಸಾವಕಾರ್ರ, ಹೊಟ್ಟಿ ಸ್ವಚ್ಛ ಆತಂದ್ರ ಎಲ್ಲಾ ಸ್ವಚ್ಛ ಆಗತೈತಿ" ಅಂದರು ಹೋದ ವಾರ ಒಬ್ಬ ಹಿರಿಯರು. ಅವರ ಅಂತಃಕರಣ ದೊಡ್ಡದು. ಆದರೆ ಆ ಮಾತಿನಲ್ಲಿ ಅರ್ಧ ಸತ್ಯ, ಅರ್ಧ ಅಪಾಯ ಇದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆಯಾಕೆಗೆ ಇರುವುದು ಮಲ್ಟಿಪಲ್ ಸ್ಕ್ಲೆರೋಸಿಸ್, ಡಾಕ್ಟರರ ಬಾಯಲ್ಲಿ ಎಂ.ಎಸ್. ಕರೆಂಟಿನ ವೈರಿಗೆ ಪ್ಲಾಸ್ಟಿಕ್ ಹೊದಿಕೆ ಇದ್ದಂತೆ ಮಿದುಳು, ಬೆನ್ನುಹುರಿಯ ನರಗಳಿಗೂ ಒಂದು ಹೊದಿಕೆ ಇರುತ್ತದೆ. ರೋಗ ತಡೆಯಬೇಕಾದ ದೇಹದ ಶಕ್ತಿಯೇ ತಿರುಗಿಬಿದ್ದು ಅದನ್ನು ಹಾಳು ಮಾಡುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂಗ. ಹೆಚ್ಚಾಗಿ 20ರಿಂದ 40 ವರ್ಷದೊಳಗೆ ಶುರುವಾಗುತ್ತದೆ, ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಹೆಚ್ಚು. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಅಂದರೂ ಮೊದಮೊದಲು ಕೆಲವರು ನಮ್ಮ ಮನೆಯ ಚಹಾ ಕುಡಿಯಲಿಲ್ಲ, ಇರಲಿ.

ಆಕೆ ಅಫಜಲಪುರ ಕಡೆಯವಳು, ಮರಾಠಿ ಅಷ್ಟಕ್ಕಷ್ಟೆ. ಮೊದಲು ಒಂದು ಕಣ್ಣು ಮಂಜಾಗಿ ಮೂರು ವಾರಕ್ಕೆ ತಾನೇ ತಿಳಿಯಾಯಿತು. ಎರಡು ವರ್ಷದ ಮೇಲೆ ಸೊಂಟದ ಕೆಳಗೆ ಜೋಮು. ವಾಯು ಅಂದರು, ಗಾಳಿ ಅಂದರು, ತಾಯತ ಕಟ್ಟಿದರು. ಸೊಲ್ಲಾಪುರದ ಡಾಕ್ಟರು "ಮುಂಗ್ಯಾ ಯೇತಾತ ಕಾ?" ಅಂತ ಕೇಳಿದರೆ ಈಕೆ "ಇರುವಿ ಇಲ್ರಿ, ಮನಿ ಸ್ವಚ್ಛ ಇಟ್ಟೀನಿ" ಅಂದಳು. ಜೋಮಿಗೆ ಮರಾಠಿಯಲ್ಲಿ ಹಾಗೆ ಕೇಳುತ್ತಾರೆ ಅಂತ ಆಕೆಗೆ ಗೊತ್ತಿರಲಿಲ್ಲ. ಆಗ ನಕ್ಕೆವು. ಆದರೆ ರೋಗದ ಮಾತು ತಾಯಿನುಡಿಯಲ್ಲಿ ಹೇಳಲಾಗದೆ ಎಷ್ಟು ವರ್ಷ ಹೋದವು ಎಂಬುದು ನಗುವ ವಿಷಯವಲ್ಲ.

ಇನ್ನು ಪಥ್ಯದ ಮಾತು. ಕೆನಡಾದ ಮಾಂಟ್ರಿಯಲ್‌ನಲ್ಲಿ ರಾಯ್ ಸ್ವಾಂಕ್ ಎಂಬ ಡಾಕ್ಟರು 1940ರ ದಶಕದ ಕೊನೆಗೆ ತುಪ್ಪ-ಬೆಣ್ಣೆ, ಮಾಂಸದ ಕೊಬ್ಬು ಬಿಡಿಸುವ ಪಥ್ಯ ಶುರುಮಾಡಿದರು. 34 ವರ್ಷ ರೋಗಿಗಳನ್ನು ನೋಡಿ 1990ರಲ್ಲಿ, ಪಥ್ಯ ಹಿಡಿದವರು ಚೆನ್ನಾಗಿದ್ದಾರೆ ಎಂದರು. ಆದರೆ ಸರಿಯಾಗಿ ಹೋಲಿಸಿ ನೋಡಲು ಬೇರೊಂದು ಗುಂಪೇ ಅವರಲ್ಲಿರಲಿಲ್ಲ. ಅಮೆರಿಕದ ಅಯೋವಾದ ಡಾಕ್ಟರು ಟೆರಿ ವಾಲ್ಸ್ ತಾವೇ ಈ ರೋಗದಿಂದ ಗಾಲಿಕುರ್ಚಿ ಹಿಡಿದವರು. ಅವರು ಹೇಳುವುದು ಬೇರೆ: ಸೊಪ್ಪು ತರಕಾರಿ, ಮಾಂಸ ತಿನ್ನಿ, ಕಾಳುಕಡಿ, ಹಾಲು ಬಿಡಿ. ಒಬ್ಬರು ಬೆಣ್ಣೆ ತೆಗೆಸಿದರೆ ಇನ್ನೊಬ್ಬರು ರೊಟ್ಟಿ ತೆಗೆಸುತ್ತಾರೆ! ವಾಲ್ಸ್ ಅವರ ತಂಡವೇ ಎರಡನ್ನೂ ತೂಗಿ ನೋಡಿ 2021ರಲ್ಲಿ ಪ್ರಕಟಿಸಿತು. ಎರಡರಲ್ಲೂ ದಣಿವು ಕಡಿಮೆಯಾಗಿತ್ತು. ವ್ಯಾಪಾರಿಯ ಲೆಕ್ಕದಲ್ಲಿ ನನಗೆ ತೋಚುವುದಿಷ್ಟೆ: ಎರಡೂ ಕಡೆ ಕರಿದದ್ದು, ಪಾಕೀಟಿನದು ಹೋಯಿತು, ತರಕಾರಿ ಬಂತು, ಲಾಭ ಅಲ್ಲಿಯದು.

ಹೊಟ್ಟೆಯ ಮಾತೂ ಬರೀ ಸುಳ್ಳಲ್ಲ. 2017ರಲ್ಲಿ ಜರ್ಮನಿ, ಅಮೆರಿಕದ ಸಂಶೋಧಕರು ಎಂ.ಎಸ್. ರೋಗಿಗಳ ಕರುಳಿನ ಸೂಕ್ಷ್ಮಜೀವಿಗಳನ್ನು ಇಲಿಗಳಿಗೆ ಸೇರಿಸಿದಾಗ ಇಂಥದೇ ರೋಗ ಜೋರು ಮಾಡಿತು. ನಾವು ತಿಂದ ನಾರನ್ನು ಈ ಜೀವಿಗಳು ಹುದುಗಿಸಿ ಕೆಲವು ಆಮ್ಲ ಮಾಡುತ್ತವೆ, ಅವು ಉರಿಯನ್ನು ತಗ್ಗಿಸುತ್ತವೆ. ಆದರೆ ಕರುಳೊಂದೇ ಕಾರಣವಲ್ಲ. ಒಂದು ಕೋಟಿಗೂ ಹೆಚ್ಚು ಅಮೆರಿಕನ್ ಸೈನಿಕರ ದಾಖಲೆ ನೋಡಿದ 2022ರ ಅಧ್ಯಯನ, ಎಪ್‌ಸ್ಟೀನ್-ಬಾರ್ ಎಂಬ ವೈರಸ್ ತಗುಲಿದ ಮೇಲೆ ಈ ರೋಗದ ಸಂಭವ 32 ಪಟ್ಟು ಏರುತ್ತದೆ ಎಂದಿತು. ಆ ವೈರಸ್ ಬಹುಪಾಲು ಮಂದಿಗೆ ಬಂದು ಹೋಗಿರುತ್ತದೆ, ರೋಗ ಬರುವುದು ಕೆಲವರಿಗೆ ಮಾತ್ರ.

ಹಾಗಾಗಿ ಡಬ್ಬಿ ಪುಡಿ ಯಾಕೆ ಕೊಳ್ಳಬೇಕು? ಜೋಳದ ರೊಟ್ಟಿ, ಮಡಕಿ ಕಾಳು, ಪುಂಡಿಪಲ್ಯ, ಅಗಸಿ ಹಿಂಡಿ, ಮಜ್ಜಿಗೆ ನಮ್ಮಲ್ಲೇ ಇವೆ. ಬಿಡಬೇಕಾದದ್ದು ಸಂಜೆಯ ಭಜಿ, ಫರಸಾಣ. ಅದನ್ನು ಬಿಡಲಾರದವನು ನಾನೇ.

ಯಾರೂ ಹೇಳದ ಮಾತೊಂದಿದೆ. ಈ ರೋಗದಲ್ಲಿ ಮೂತ್ರ ತಡೆಯಲಾಗುವುದಿಲ್ಲ, ಮಲ ಕಟ್ಟುತ್ತದೆ. ಶೌಚಾಲಯ ದೂರವಿದ್ದರೆ ಹೆಂಗಸರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಆಗ ಮಲ ಇನ್ನಷ್ಟು ಕಟ್ಟುತ್ತದೆ, ಮೂತ್ರದ ಸೋಂಕೂ ಬರುತ್ತದೆ, ಸೋಂಕಿನ ಜ್ವರಕ್ಕೆ ಕಾಲು ಸೋಲುತ್ತದೆ. ನಾವು ಮಲಗುವ ಕೋಣೆಯ ಪಕ್ಕದಲ್ಲೇ ಶೌಚಾಲಯ ಕಟ್ಟಿಸಿ, ಗೋಡೆಗೆ ಹಿಡಿಯಲು ಪೈಪು ಹಾಕಿಸಿದೆವು. ಯಾವ ಪಥ್ಯಕ್ಕಿಂತ ಅದು ಹೆಚ್ಚು ಕೆಲಸ ಮಾಡಿತು.

ಮೊದಲು "ಮಲಗಿರಿ, ದಣೀಬ್ಯಾಡ್ರಿ" ಅನ್ನುತ್ತಿದ್ದರು. 1996ರಲ್ಲಿ ಅಮೆರಿಕದ ಯೂಟಾದಲ್ಲಿ 54 ರೋಗಿಗಳನ್ನು ತೆಗೆದುಕೊಂಡು, ಅರ್ಧ ಮಂದಿಗೆ 15 ವಾರ ವ್ಯಾಯಾಮ ಮಾಡಿಸಿ ನೋಡಿದರು. ಮಾಡಿದವರ ಶಕ್ತಿ ಹೆಚ್ಚಿತು. ಆದರೆ ಸೊಲ್ಲಾಪುರದ ಬಿಸಿಲೇ ಬೇರೆ. ಮೈ ಕಾದರೆ ಕಣ್ಣು ಮಂಜಾಗುತ್ತದೆ, ಕಾಲು ಎಳೆಯುತ್ತದೆ, ತಂಪಾದರೆ ಮರಳುತ್ತದೆ. ಜರ್ಮನಿಯ ಊಟ್‌ಹಾಫ್ 1890ರಲ್ಲೇ ಇದನ್ನು ಬರೆದಿಟ್ಟರು. ಅದು ಹೊಸ ಪೆಟ್ಟಲ್ಲ. ಜ್ವರವಿಲ್ಲದೆ 24 ತಾಸು ದಾಟಿದರೆ ಮಾತ್ರ ಹೊಸ ಪೆಟ್ಟಿನ ಅನುಮಾನ, ತಡಮಾಡದೆ ಡಾಕ್ಟರಿಗೆ ಹೇಳಬೇಕು.

ಈಗ ಗುಳಿಗೆಯ ಮಾತು. ಒಬ್ಬರ ಮಾತು ಕೇಳಿ ನಾನೇ ಆರು ತಿಂಗಳು ಔಷಧ ನಿಲ್ಲಿಸಿದ್ದೆ. ಐದನೇ ತಿಂಗಳಿಗೆ ಬಲಗಾಲು ಬಿತ್ತು, ಪೂರ್ತಿ ಮರಳಲಿಲ್ಲ. ನಿಲ್ಲಿಸಿದ್ದಕ್ಕೇ ಬಂತು ಅಂತ ಆಣೆ ಮಾಡಲಾರೆ. ಆದರೆ ರಾತ್ರಿ ಆಕೆ ಗೋಡೆ ಹಿಡಿದು ನಡೆಯುವ ಸದ್ದಿಗೆ ನನಗೆ ಎಚ್ಚರವಾಗುತ್ತದೆ. ಔಷಧ ತುಟ್ಟಿ, ನಿಜ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಎಂ.ಎಸ್.ಗೆ ಮೂರು ಔಷಧಗಳನ್ನು ಅಗತ್ಯ ಪಟ್ಟಿಗೆ ಸೇರಿಸಿದೆ, ಸರ್ಕಾರಿ ದವಾಖಾನೆಗಳಲ್ಲೂ ಅವು ಸಿಗಬೇಕು. 2016ರ ಅಂಗವಿಕಲರ ಹಕ್ಕು ಕಾಯ್ದೆಯ 21 ವೈಕಲ್ಯಗಳಲ್ಲಿ ಎಂ.ಎಸ್. ಹೆಸರಿದೆ. ಅದು ಗಡಿಯ ಆಚೆಗೂ ಈಚೆಗೂ ಒಂದೇ ಕಾಯ್ದೆ, ಪ್ರಮಾಣಪತ್ರ ಕೇಳಿ ಪಡೆಯಿರಿ.

ಈಗ ಆಕೆ ಬೆಳಗಿನ ಐದಕ್ಕೆ, ಹೊತ್ತು ಏರುವ ಮುಂಚೆ, ಕೋಲು ಹಿಡಿದು ಮಾರುತಿ ಗುಡಿಯ ತನಕ ನಡೆಯುತ್ತಾಳೆ. ನಾನು ಹಿಂದೆ ನೀರಿನ ಬಾಟಲಿ, ಒದ್ದೆ ಟವೆಲು ಹಿಡಿದು. ಮೊನ್ನೆ ಅರ್ಧ ದಾರಿಗೆ ನಿಂತು, "ರೀ, ಇವತ್ತು ಇಷ್ಟ ಸಾಕು" ಅಂದಳು. ಕಟ್ಟೆಯ ಮೇಲೆ ಕೂತು ಮಜ್ಜಿಗೆ ಕುಡಿದು ಮರಳಿದೆವು.