ಕುದುರೆಯ ಬಾಲಕ್ಕೆ ಕಟ್ಟಿದ ಗಣಿತ

ಜೂಜು ಹರಾಮ್ ಎಂದು ತಿಳಿಯದ ಮುಸಲ್ಮಾನನಿಲ್ಲ. ಆದರೂ ಬೆಂಗಳೂರಿನ ರೇಸ್‌ಕೋರ್ಸಿನಲ್ಲಿ ಪಂದ್ಯವಿರುವ ದಿನ ಚಾಮರಾಜಪೇಟೆಯಿಂದಲೂ ಶಿವಾಜಿನಗರದಿಂದಲೂ ಅತ್ತ ಹೊರಡುವವರಲ್ಲಿ ನಮ್ಮವರಿರುತ್ತಾರೆ. ಹಿಂದೆ ಅವರು ತಲೆ ತಗ್ಗಿಸಿ ಹೋಗುತ್ತಿದ್ದರು. ಈಗ ಕಲಿತ ಯುವಕರು ತಲೆಯೆತ್ತಿ ವಾದಿಸುತ್ತಾರೆ: ಇದು ಅದೃಷ್ಟದಾಟವಲ್ಲ, ಲೆಕ್ಕಾಚಾರ. ಕುದುರೆಯ ವಂಶ, ಜಾಕಿಯ ದಾಖಲೆ, ಹೊರುವ ತೂಕ, ಓಟದ ದೂರ ಎಲ್ಲವನ್ನೂ ನೋಡಿ ಗೆಲುವಿನ ಸಂಭವನೀಯತೆಯನ್ನು ಅಂದಾಜು ಮಾಡುತ್ತೇವೆ; ಬುಕ್ಕಿಯ ದರ ಲಾಭದಾಯಕವೆನಿಸಿದರಷ್ಟೇ ಹಣ ಕಟ್ಟುತ್ತೇವೆ; ಇದೂ ಒಂದು ವ್ಯಾಪಾರ!

ಈ ವಾದವನ್ನು ಫತ್ವಾದ ಒಂದು ಸಾಲಿನಿಂದ ಮುಚ್ಚಿಹಾಕುವುದು ಸುಲಭ. ನಮ್ಮ ಮಿಂಬರ್‌ಗಳು ಮಾಡುತ್ತಿರುವುದೂ ಅದನ್ನೇ, ಯುವಕರು ಕಿವಿಗೊಡುತ್ತಿಲ್ಲ. ಆದ್ದರಿಂದ ಅವರದೇ ಲೆಕ್ಕವನ್ನು ಕೊನೆಯವರೆಗೆ ಮಾಡಿ ನೋಡೋಣ.

ನಾಲ್ಕರಲ್ಲಿ ಒಂದು ಸಲ ಗೆಲ್ಲಬಹುದಾದ ಕುದುರೆಗೆ 100 ರೂಪಾಯಿ ಕಟ್ಟಿದರೆ, ಗೆದ್ದಾಗ 500 ಮರಳುತ್ತದೆ ಎನ್ನೋಣ. ಆ ಬಾಜಿಯ ನಿರೀಕ್ಷಿತ ಮೌಲ್ಯ 125 ರೂಪಾಯಿ. ಕಾಗದದ ಮೇಲೆ ಲಾಭವೇ. ಆದರೆ ನಾಲ್ಕರಲ್ಲಿ ಒಂದು ಎಂದು ಹೇಳಿದವರಾರು? ದಾಳಕ್ಕೆ ಆರು ಮುಖಗಳಿವೆ, ಎಣಿಸಬಹುದು. ಕುದುರೆಗೆ ಅಂತಹ ಮುಖಗಳಿಲ್ಲ. ನಿಜವಾದ ಸಾಧ್ಯತೆ ಆರರಲ್ಲಿ ಒಂದಾಗಿದ್ದರೆ ಅದೇ ಬಾಜಿಯ ಬೆಲೆ 83ಕ್ಕಿಳಿಯುತ್ತದೆ. ನಮ್ಮ ಗಣಿತಜ್ಞ ನಿಂತಿರುವುದು ಊಹೆಯ ಮೇಲೆ.

ಇನ್ನು ಟೋಟ್. ಅಲ್ಲಿ ಎಲ್ಲರೂ ಕಟ್ಟಿದ ಹಣ ಒಂದೇ ರಾಶಿಗೆ ಸೇರುತ್ತದೆ. ಕ್ಲಬ್ಬಿನ ಪಾಲು, ಸರಕಾರದ ತೆರಿಗೆ ಕಳೆದ ಬಳಿಕ ಉಳಿದುದನ್ನಷ್ಟೇ ಗೆದ್ದವರು ಹಂಚಿಕೊಳ್ಳುತ್ತಾರೆ. ಲೆಕ್ಕಕ್ಕಾಗಿ ನೂರಕ್ಕೆ 25 ಕಡಿತವೆಂದಿಟ್ಟುಕೊಳ್ಳಿ. ಸರಾಸರಿ ಮರಳುವುದು 75. ಅದನ್ನೇ ಮತ್ತೆ ಕಟ್ಟಿದರೆ 56, ಆಮೇಲೆ 42, ಐದನೇ ಓಟ ಮುಗಿಯುವಾಗ ಸುಮಾರು 24. ಒಬ್ಬಿಬ್ಬರು ಜೇಬು ತುಂಬಿಕೊಂಡು ಹೊರಬರಬಹುದು. ಮೊಹಲ್ಲಾದಲ್ಲಿ ಕಥೆಯಾಗುವುದು ಅವರದು ಮಾತ್ರ; ಸೋತವನು ಮನೆಯಲ್ಲೂ ಬಾಯಿ ಬಿಡುವುದಿಲ್ಲ.

ಸರಿ, ನಿಜಕ್ಕೂ ನಿಪುಣನಾದವನೊಬ್ಬ ಗೆದ್ದನೆನ್ನೋಣ. ಹಾಂಕಾಂಗ್‌ನಲ್ಲಿ ಬಿಲ್ ಬೆಂಟರ್ ಎಂಬಾತ ಕಂಪ್ಯೂಟರ್ ಲೆಕ್ಕದಿಂದ ಕುದುರೆ ಪಂದ್ಯದಲ್ಲಿ ಅಪಾರ ಹಣ ಗಳಿಸಿದ್ದುಂಟು. ಆ ಹಣ ಬಂದುದೆಲ್ಲಿಂದ? ಓಡಿದ ಕುದುರೆ ಹೊಲ ಉತ್ತಿಲ್ಲ, ಗಾಡಿ ಎಳೆದಿಲ್ಲ. ಟೋಟಿನ ಕ್ಲಬ್ ತನ್ನ ಪಾಲನ್ನು ಮೊದಲೇ ಎತ್ತಿಟ್ಟಿದೆ. ಅದು ಲೆಕ್ಕ ಬಾರದೆ ಕಟ್ಟಿದವನ ಜೇಬಿನಿಂದ ಬಂತು. ಅಂಥವನ ಜೇಬಿನಲ್ಲಿ ಆಟೋದ ಬಾಡಿಗೆಯಿರುತ್ತದೆ, ಗುಜರಿ ಅಂಗಡಿಯ ದಿನಗೂಲಿಯಿರುತ್ತದೆ, ಮಗಳ ಶಾಲೆಯ ಶುಲ್ಕವಿರುತ್ತದೆ. ವ್ಯಾಪಾರದಲ್ಲಿ ಸರಕು ಕೈ ಬದಲಿಸುತ್ತದೆ, ಇಬ್ಬರಿಗೂ ಪ್ರಯೋಜನವಿರುತ್ತದೆ. ಇಲ್ಲಿ ಒಬ್ಬನ ನಿರೀಕ್ಷಿತ ಲಾಭವೆಂದರೆ ಇತರರ ನಿರೀಕ್ಷಿತ ನಷ್ಟ. ಕೌಶಲ್ಯ ಹೆಚ್ಚಿದಂತೆ ಈ ಅಪರಾಧ ಹಗುರವಾಗುವುದಿಲ್ಲ, ಭಾರವಾಗುತ್ತದೆ.

ಕುದುರೆ ಓಡಿಸುವುದನ್ನು ಇಸ್ಲಾಮ್ ತಡೆದಿಲ್ಲ. ಪ್ರವಾದಿವರ್ಯರು(ಸ) ಮದೀನಾದಲ್ಲಿ ಕುದುರೆ ಓಟದ ಸ್ಪರ್ಧೆ ಏರ್ಪಡಿಸಿದ್ದನ್ನು ಇಮಾಮ್ ಬುಖಾರಿ ದಾಖಲಿಸಿದ್ದಾರೆ. ಓಟದಲ್ಲಿ ಪಾಲುಗೊಳ್ಳದ ಮೂರನೆಯವರು ಗೆದ್ದವನಿಗೆ ಬಹುಮಾನ ಕೊಡುವುದನ್ನೂ ಫುಕಹಾಗಳು ಒಪ್ಪಿದ್ದಾರೆ. ನಿಷಿದ್ಧವಾದುದು ಗ್ಯಾಲರಿಯಲ್ಲಿ ಕುಳಿತವರ ಬಾಜಿ. ಜೂಜಿನಲ್ಲಿ ಲಾಭವೇ ಇಲ್ಲವೆಂದು ಪವಿತ್ರ ಕುರ್‌ಆನ್ ಹೇಳುವುದಿಲ್ಲ ಎಂಬುದನ್ನೂ ಈ ಯುವಕರು ಗಮನಿಸಲಿ. ಅಲ್ ಬಕರಾ ಅಧ್ಯಾಯದ 219ನೇ ಸೂಕ್ತವು ಲಾಭವನ್ನು ಒಪ್ಪಿಕೊಂಡು, ಅದರ ಪಾಪವನ್ನು ಎದುರಿನ ತಟ್ಟೆಯಲ್ಲಿಟ್ಟು ತೂಗುತ್ತದೆ. ನಮ್ಮ ಪದವೀಧರರ ತಕ್ಕಡಿಗೆ ಒಂದೇ ತಟ್ಟೆ.

ಸರಕಾರದ ತಕ್ಕಡಿಯಾದರೂ ನೆಟ್ಟಗಿದೆಯೇ? 1996ರಲ್ಲಿ ಸುಪ್ರೀಂ ಕೋರ್ಟ್ ಕುದುರೆ ಪಂದ್ಯವನ್ನು ಕೌಶಲ್ಯದ ಆಟವೆಂದಿತು. 2021ರಲ್ಲಿ ಕರ್ನಾಟಕ ಆನ್‌ಲೈನ್ ಜೂಜು ನಿಷೇಧಿಸಲು ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಾಗಲೂ ರೇಸ್‌ಕೋರ್ಸಿನ ಬಾಜಿಗೆ ವಿನಾಯಿತಿ ಕೊಟ್ಟಿತು (2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಗೊಳಿಸಿತು). 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಹಣದಾಟಗಳ ವಿರುದ್ಧ ಕಾಯ್ದೆ ಅಂಗೀಕರಿಸಿ, ಅಲ್ಲಿ ಕೌಶಲ್ಯ, ಅದೃಷ್ಟಗಳ ಭೇದವನ್ನೇ ಬದಿಗಿಟ್ಟಿತು. ಮರುತಿಂಗಳ 22ರಿಂದ ಕುದುರೆ ಬಾಜಿಯ ಮೇಲಿನ ಜಿಎಸ್‌ಟಿ ಶೇ. 28ರಿಂದ 40ಕ್ಕೇರಿತು. ಮೊಬೈಲಿನಲ್ಲಿ ಆಡಿದರೆ ಪಿಡುಗು, ರೇಸ್‌ಕೋರ್ಸಿನ ಕಿಟಕಿಯಲ್ಲಿ ಚೀಟಿ ಕೊಂಡರೆ ಬೊಕ್ಕಸಕ್ಕೆ ಆದಾಯ!

ಚಾಮರಾಜಪೇಟೆಯ ಮಸೀದಿ ಕಮಿಟಿಗಳಲ್ಲಿ ನಮ್ಮದೊಂದು ಕೋರಿಕೆ. ಮುಂದಿನ ಜುಮಾದ ಬಳಿಕ ಮದ್ರಸಾದ ಕರಿಹಲಗೆಯನ್ನು ಅಂಗಳಕ್ಕೆ ತನ್ನಿ. ನೂರು ರೂಪಾಯಿ ಐದು ಓಟಗಳಲ್ಲಿ ಇಪ್ಪತ್ತನಾಲ್ಕಾಗುವುದನ್ನು ಬಿ.ಕಾಂ. ಓದಿದ ಹುಡುಗನ ಕೈಯಿಂದಲೇ ಬರೆಸಿ. ಉಳಿದ ಎಪ್ಪತ್ತಾರು ರೂಪಾಯಿ ಯಾರ ಮನೆಗೆ ಹೋಯಿತೆಂದು ಅವನನ್ನೇ ಕೇಳಿ.