ಹಳೆ ಪಿಕಪ್‌ಗೆ ಬೋರ್ ನೀರು ಕುಡಿಸಬೇಡಿ

ತುಕ್ಕಾನಟ್ಟಿಯಿಂದ ಗೋಕಾಕ ಮಾರ್ಕೆಟ್‌ಗೆ ಕಾಯಿಪಲ್ಲೆ ಹೇರಿಕೊಂಡು ಹೊರಟ ಹಳೆ ಪಿಕಪ್ ನಡುದಾರಿಯಲ್ಲಿ ಕುದ್ದು ನಿಂತರೆ ಅವತ್ತಿನ ದರ ಹೋದಂತೆಯೇ. ಮಂದಿ ಗಾಡಿಗೆ ಬೈತಾರೆ. ನಾವು ಬೈಯೋದು ರೇಡಿಯೇಟರ್‌ಗೆ ಸುರಿದ ಬೋರ್ ನೀರಿಗೆ.

ಗಡಸು ನೀರು ಸ್ನಾನದ ಹಂಡೆಯೊಳಗೆ ಬಿಳಿ ಪದರು ಕಟ್ಟೋದನ್ನು ಎಲ್ಲರೂ ನೋಡಿದ್ದೇವೆ. ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಅದೇ ಕಟ್ಟುತ್ತದೆ. ಆಮೇಲೆ ನೀರು ತುಂಬಿದ್ದರೂ ಇಂಜಿನ್ ತಣ್ಣಗಾಗದು. ಕಂಪನಿ ಹೇಳಿದ ಕೂಲಂಟ್ ಅನ್ನು ಡಿಸ್ಟಿಲ್ಡ್ ವಾಟರ್ ಜೊತೆ ಬೆರೆಸಿ ಹಾಕಿ. ಕೂಲಂಟ್ ತುಟ್ಟಿ ಅನ್ನೋರು ಹೆಡ್ ಇಳಿಸಿದ ಬಿಲ್ ನೋಡಿಲ್ಲ.

ಹೀಟ್ ಮುಳ್ಳು ಮೇಲೇರಿದರೆ ಗಾಡಿ ಪಕ್ಕಕ್ಕೆ ಹಾಕಿ ಬಂದ್ ಮಾಡಿ. ಬಿಸಿಯಲ್ಲಿ ಕ್ಯಾಪ್ ತಿರುವಿದರೆ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ತಣ್ಣೀರು ಹೊಯ್ದರೆ ಹೆಡ್ ಸೀಳಬಹುದು. ಪೂರ್ತಿ ಆರಿದ ಮೇಲೆ ಹೋಸ್ ಪೈಪು, ಫ್ಯಾನ್ ಬೆಲ್ಟ್ ನೋಡಿ. ರೇಡಿಯೇಟರ್ ಮುಂದೆ ಕಬ್ಬಿನ ರವದಿ, ಮಣ್ಣು ಮೆತ್ತಿದ್ದರೆ ತೆಗೆಯಿರಿ. ಹೊರಗೆ ಎಲ್ಲೂ ಸೋರದೆ ನೀರು ಕಡಿಮೆಯಾಗುತ್ತ, ಇಂಜಿನ್ ಆಯಿಲ್ ಹಾಲು ಹಾಕಿದ ಚಹಾದಂತೆ ಕಂಡರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಹೆಚ್ಚು. ಆಗ ಸ್ಟಾರ್ಟ್ ಮಾಡಲೇಬೇಡಿ, ಗ್ಯಾರೇಜಿಗೆ ಎಳೆಸಿಕೊಂಡು ಹೋಗಿ.

ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವಾಗಲೂ ಬಣ್ಣ, ಟೈರ್ ಆಮೇಲೆ. ಇಂಜಿನ್ ತಣ್ಣಗಿದ್ದಾಗ ಮೊದಲು ರೇಡಿಯೇಟರ್ ಕ್ಯಾಪ್ ತೆಗೆಸಿ. ಒಳಗೆ ತುಕ್ಕಿನ ರಾಡಿ ಕಂಡರೆ ರೇಟು ಇಳಿಸಿ ಕೇಳಿ, ಇಲ್ಲಾ ವಾಪಸ್ ಬನ್ನಿ.