ಗೃಹಸ್ಥರಿಗೆ ಸೂಚನೆ: ಕಳುವಾದ ಹಳೆಯ ಕೋವಿ

ಪುರಾತನ ಕೋವಿಗಳನ್ನು ಸಂಗ್ರಹಿಸಿಟ್ಟಿರುವ ಮಹನೀಯರು ಈ ವೃತ್ತಾಂತವನ್ನು ಗಮನಿಸತಕ್ಕುದು.

ಅಮೆರಿಕದ ಪೆನ್ಸಿಲ್ವೇನಿಯಾ ಸಂಸ್ಥಾನದಲ್ಲಿ ಕ್ರಿಶ್ಚಿಯನ್ ಓರ್ಟರ್ ಎಂಬ ಶಿಲ್ಪಿಯು 1775ರಲ್ಲಿ ತನ್ನ ಹೆಸರನ್ನೂ ವರ್ಷವನ್ನೂ ಕೆತ್ತಿ ನಿರ್ಮಿಸಿದ ಕೋವಿಯೊಂದು ವ್ಯಾಲಿ ಫೋರ್ಜ್ ಉದ್ಯಾನದಲ್ಲಿ ಪ್ರದರ್ಶನಕ್ಕಿದ್ದಿತು. 1971ರ ಅಕ್ಟೋಬರಿನಲ್ಲಿ ಕಳ್ಳನು ಪೆಟ್ಟಿಗೆಯನ್ನು ಮೀಟಿ ಅದನ್ನು ಅಪಹರಿಸಿದನು. ನಾಲ್ವತ್ತಾರು ವರ್ಷ ಕಳೆದರೂ ಅದು ದೊರೆಯಲಿಲ್ಲ. 2018ರಲ್ಲಿ ಹಳೆಯ ವಸ್ತುಗಳ ವರ್ತಕರೊಬ್ಬರು ಅದನ್ನು ಕ್ರಯಕ್ಕೆ ಕೊಂಡು, ಈಚಿನ ನಕಲೆಂದೇ ಬಗೆದಿದ್ದರು. ಅನಂತರ ಗ್ರಂಥವೊಂದನ್ನು ತೆರೆದು ಹೋಲಿಸಿ ನೋಡಲು, ಕಳುವಾದ ಕೋವಿಯೇ ಅದು! ಅವರು ಅದನ್ನು ಮರೆಮಾಡದೆ ಒಪ್ಪಿಸಿದರು. ಎಲ್ಲ ವರ್ತಕರೂ ಹಾಗೆ ಮಾಡುವರೆಂದು ನಂಬಲಾಗದು.

ಕೋವಿಯನ್ನು ಮರಳಿ ತಂದುದು ಅಚ್ಚಾಗಿದ್ದ ಆ ವರ್ಣನೆಯೇ. ಕೈಯಿಂದ ಮಾಡಿದ ಹಳೆಯ ಕೋವಿಗಳಿಗೆ ಅನೇಕ ವೇಳೆ ಸಂಖ್ಯೆಯೇ ಇರುವುದಿಲ್ಲ. ಆದುದರಿಂದ ನಳಿಗೆಯ ಉದ್ದ, ಮುದ್ರೆ, ಮರದ ಬಿರುಕು, ಹಿಂದಿನ ದುರಸ್ತಿ, ಇವನ್ನೆಲ್ಲ ಬರೆದು ಎರಡು ಪಕ್ಕದ ಛಾಯಾಚಿತ್ರಗಳೊಡನೆ ಇಡಬೇಕು. ಒಂದು ಪ್ರತಿಯು ಬೇರೆ ಮನೆಯಲ್ಲಿರಲಿ. ಕಳುವಾದೊಡನೆ ಪೋಲೀಸರಿಗೂ ಹಳೆಯ ವಸ್ತುಗಳ ವರ್ತಕರಿಗೂ ಆ ವರ್ಣನೆಯನ್ನು ತಲಪಿಸುವುದು. ಕೊಳ್ಳುವವರಾದರೋ, ವಸ್ತುವು ಯಾರಿಂದ ಬಂದಿತೆಂಬುದನ್ನು ಬರಹದಲ್ಲಿ ಪಡೆದೇ ಹಣವನ್ನು ಕೊಡತಕ್ಕುದು.